ಕ್ಯೂಡಿಸ್ಕ್ ಡೆಸ್ಟ್ರಾಯ್‌ನಲ್ಲಿ ಒಂದು ನಲ್ ಚೆಕ್ ಹಾಕಿದರೆ ಸಾಕಾ?

ನೀವು ಸ್ವಂತ ಕ್ಯೂಡಿಸ್ಕ್ (ಲಿನಕ್ಸ್ ಕರ್ನಲ್‌ನಲ್ಲಿ ನೆಟ್‌ವರ್ಕ್ ಪ್ಯಾಕೆಟ್‌ಗಳ ಸಾಲು ನೋಡಿಕೊಳ್ಳುವ ಕೋಡ್) ಬರೆದಿದ್ದೀರಿ. ಅದನ್ನು ಸೆಟ್ ಮಾಡುವ ಟಿಸಿ ಕಮಾಂಡ್‌ನಲ್ಲಿ ತಪ್ಪು ಆಪ್ಷನ್ ಕೊಟ್ಟರೆ ಎರರ್ ಬರುವ ಬದಲು ಕರ್ನಲ್ಲೇ ಬೀಳುತ್ತದೆ, ಅದೂ ಕೊನೆಗೆ ಎಲ್ಲ ತೆರವು ಮಾಡುವ ಡೆಸ್ಟ್ರಾಯ್ ಫಂಕ್ಷನ್‌ನಲ್ಲಿ. ಅಲ್ಲೊಂದು ನಲ್ ಚೆಕ್ (ಪಾಯಿಂಟರ್ ಖಾಲಿಯೇ ಎಂದು ನೋಡುವುದು) ಹಾಕಿದರೆ ಸಾಕಾ ಎಂದು ಕೇಳಿದ್ದೀರಿ. ಸಾಲದು.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ರೌಟರ್ ಕರ್ನಲ್ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಹೊಸದಾಗಿ ಸೇರುವ ಹುಡುಗರ ಕೋಡ್‌ನಲ್ಲೂ ಈ ಕ್ರ್ಯಾಶ್ ಜಾಸ್ತಿ. ಕ್ಯೂಡಿಸ್ಕ್ ಶುರು ಮಾಡುವ ಇನಿಟ್ ಫಂಕ್ಷನ್ ಫೇಲ್ ಆದರೆ ಡೆಸ್ಟ್ರಾಯ್ ಓಡುವುದಿಲ್ಲ ಅಂದುಕೊಂಡಿರುತ್ತಾರೆ. ಓಡುತ್ತದೆ. 2017ರಲ್ಲಿ ಟಿಸಿ ಮೂಲಕ ಹಾಕುವ ಕ್ಯೂಡಿಸ್ಕ್‌ಗಳಿಗೂ ಈ ನಿಯಮ ಬಂದಾಗ ಕರ್ನಲ್‌ನಲ್ಲೇ ಇರುವ ಎಚ್‌ಎಚ್‌ಎಫ್, ಎಚ್‌ಟಿಬಿ, ನೆಟೆಮ್, ಟಿಬಿಎಫ್ ಕ್ಯೂಡಿಸ್ಕ್‌ಗಳೆಲ್ಲವನ್ನೂ ಒಂದರ ಹಿಂದೆ ಒಂದು ರಿಪೇರಿ ಮಾಡಬೇಕಾಯಿತು.

ಎಚ್‌ಎಚ್‌ಎಫ್‌ನಲ್ಲಿ ಫ್ಲೋ ಟೇಬಲ್‌ಗೆ ಮೆಮೊರಿ ಸಿಗುವ ಮೊದಲೇ ಇನಿಟ್ ನಿಂತರೆ, ಡೆಸ್ಟ್ರಾಯ್ ಆ ಟೇಬಲ್‌ನ 1024 ಲಿಸ್ಟ್‌ಗಳನ್ನು ಸುತ್ತಲು ಹೋಗಿ ನಲ್ ಮುಟ್ಟುತ್ತಿತ್ತು. ಇಲ್ಲಿ ನಿಮ್ಮ ಉಪಾಯ ಸರಿ: ಟೇಬಲ್ ಇಲ್ಲದಿದ್ದರೆ ಲೂಪ್‌ಗೆ ಮೊದಲೇ ರಿಟರ್ನ್.

ನೆಟೆಮ್ ಕಥೆ ಬೇರೆ. ಅದರ ವಾಚ್‌ಡಾಗ್ ಟೈಮರ್ ಪಾಯಿಂಟರ್ ಅಲ್ಲ, ಸ್ಟ್ರಕ್ಟ್ ಒಳಗೇ ಕೂತಿದೆ. ಚೆಕ್ ಮಾಡಲು ಅಲ್ಲಿ ನಲ್ ಇಲ್ಲವೇ ಇಲ್ಲ. ಇನಿಟ್ ಆಗದ ಟೈಮರನ್ನು ಕ್ಯಾನ್ಸಲ್ ಮಾಡಿದರೆ ಅದರ ಒಳಗಿನ ಬೇಸ್ ಪಾಯಿಂಟರ್ ಖಾಲಿ, ಕರ್ನಲ್ ಬೀಳುತ್ತದೆ. ಪರಿಹಾರ ಇನಿಟ್‌ನಲ್ಲಿದೆ: ಆಪ್ಷನ್ ಪರೀಕ್ಷಿಸುವ ಸಾಲಿಗಿಂತ ಮೊದಲು ವಾಚ್‌ಡಾಗ್ ಇನಿಟ್ ಮಾಡಿ. ನನಗೆ ಇದೇ ಮುಖ್ಯ ಪಾಠ ಅನಿಸುತ್ತದೆ. ಫೇಲ್ ಆಗದ ಕೆಲಸ ಮೊದಲು, ಫೇಲ್ ಆಗಬಹುದಾದದ್ದು ಆಮೇಲೆ.

ಇನ್ನೊಂದು ಅಪಾಯ. ಮೆಮೊರಿ ಬಿಟ್ಟುಕೊಡುವ ಕೆಫ್ರೀ ಫಂಕ್ಷನ್‌ಗೆ ನಲ್ ಕೊಟ್ಟರೆ ತೊಂದರೆ ಇಲ್ಲ, ನಿಮ್ಮ ಕ್ಯೂಡಿಸ್ಕ್‌ನ ಪ್ರೈವೇಟ್ ಡೇಟಾ ಸೊನ್ನೆಯಾಗಿಯೇ ಸಿಗುತ್ತದೆ. ಆದರೆ ಫ್ರೀ ಆದ ಪಾಯಿಂಟರ್ ತಾನಾಗಿ ನಲ್ ಆಗುವುದಿಲ್ಲ ಅಲ್ವಾ? ಮಲ್ಟಿಕ್ಯೂ ಎಂಬ ಕ್ಯೂಡಿಸ್ಕ್‌ನಲ್ಲಿ ಇನಿಟ್ ತಾನೇ ಫ್ರೀ ಮಾಡಿ ಎರರ್ ಕೊಡುತ್ತಿತ್ತು, ಡೆಸ್ಟ್ರಾಯ್ ಮತ್ತೆ ಫ್ರೀ ಮಾಡುತ್ತಿತ್ತು. ಇನಿಟ್‌ನ ಫ್ರೀ ತೆಗೆದುಹಾಕಿ, ಡೆಸ್ಟ್ರಾಯ್‌ಗೇ ಬಿಡಿ.

ನಿಮ್ಮ ಕ್ಯೂಡಿಸ್ಕ್ ಕೆಳಗೆ ಕೂರುವ ಚೈಲ್ಡ್ ಕ್ಯೂಡಿಸ್ಕ್ ಬಗ್ಗೆ ಚಿಂತೆ ಬೇಡ. 2019ರಿಂದ ಅದನ್ನು ಬಿಟ್ಟುಕೊಡುವ ಕ್ಯೂಡಿಸ್ಕ್ ಪುಟ್ ಫಂಕ್ಷನ್ ನಲ್ ಪಾಯಿಂಟರನ್ನು ಸುಮ್ನೆ ಬಿಟ್ಟುಬಿಡುತ್ತದೆ. ಹಳೆಯ ಕರ್ನಲ್ ಆದರೆ ನೀವೇ ಚೆಕ್ ಹಾಕಿ.

ಟೆಸ್ಟ್ ಮಾಡಲು ವರ್ಚುವಲ್ ಮಷೀನ್‌ನಲ್ಲಿ ಕೇಸ್ಯಾನ್ (ಕರ್ನಲ್‌ನ ಮೆಮೊರಿ ತಪ್ಪು ಹಿಡಿಯುವ ಸಾಧನ) ಆನ್ ಮಾಡಿ. ಇನಿಟ್‌ನ ಪ್ರತಿ ರಿಟರ್ನ್ ಒಂದೊಂದಾಗಿ ಫೇಲ್ ಆಗುವಂತೆ ಮಾಡಿ. ಮೆಮೊರಿ ಸಿಗದ ದಾರಿಗೆ, ಮೆಮೊರಿ ಕೇಳಿದಾಗ ಬೇಕೆಂದೇ ಫೇಲ್ ಮಾಡಿಸುವ ಫೇಲ್‌ಸ್ಲ್ಯಾಬ್ ಇದೆ. ಆಗಲೂ ಬಿದ್ದರೆ ಊಪ್ಸ್ (ಕರ್ನಲ್ ಬಿದ್ದಾಗ ಬರುವ ಎರರ್) ಸಂದೇಶದ ಜೊತೆ ಇನಿಟ್ ಪೂರ್ತಿ ಹಾಕಿ, ನೋಡಿ ಹೇಳುತ್ತೇನೆ.