ಟೊಮೆಟೊ ಕಾಯಲ್ಲ, ಡ್ರೈವರ್ ಕಾಯ್ತಾನೆ

ಲಾರಿ ಡ್ರೈವರ್‌ಗಳ ನಿದ್ದೆಗೇಡಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಕೋಲಾರದ ಲಾರಿ ಮಾಲೀಕರೊಬ್ಬರು ಖಾರವಾಗಿ ಬರೆದಿದ್ದಾರೆ. ಅವರದು ಎರಡು ಗಾಡಿ. ಪತ್ರದ ಸಾರ ಇಷ್ಟು: "ಎಂಟು ಗಂಟೆ ಓಡಿಸು, ಆಮೇಲೆ ಮಲಗು ಅಂತ ಹೊಸ ಕಾನೂನು ತಂದರೆ ಟೊಮೆಟೊ ದೆಹಲಿ ಮುಟ್ಟೋ ಹೊತ್ತಿಗೆ ಸಾರಾಗಿರುತ್ತೆ. ಬೇಗ ಹೋಗಿ ಬರ್ತೀವಿ ಅಂತ ಡ್ರೈವರ್‌ಗಳೇ ಹೇಳ್ತಾರೆ. ನಾನೂ ಸ್ಟೀರಿಂಗ್ ಹಿಡಿದವನೇ, ರಾತ್ರಿಯಿಡೀ ಓಡಿಸಿದ್ದೀನಿ, ಏನೂ ಆಗಿಲ್ಲ. ಕಂತು ಕಟ್ಟೋರು ನಾವು, ಉಪದೇಶ ಮಾಡೋರು ನೀವು." ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕಿಲ್ಲ.

ಯಜಮಾನರೇ, ನಮಸ್ಕಾರ.

ಬೈದು ಬರೆದಿದ್ದಕ್ಕೆ ಬೇಜಾರಿಲ್ಲ. ಹೊಗಳಿ ಬರುವ ಪತ್ರಗಳಲ್ಲಿ ಇಷ್ಟು ವಿಷಯ ಇರೋದಿಲ್ಲ. ಆದರೆ ಇದು ಹೊಸ ಕಾನೂನು ಅಂದಿರಲ್ಲ, ಅದಕ್ಕೆ ನನ್ನ ತಕರಾರಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇದು ಬಂದಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ರೂಟಾದರೆ ಅನುಮತಿ ಪಡೆದು 10 ಮತ್ತು 54ರವರೆಗೆ ಹೋಗಬಹುದಿತ್ತು. 5 ಗಂಟೆ ಕೆಲಸವಾದರೆ ಅರ್ಧ ಗಂಟೆ ಬಿಡುವು. ಇವತ್ತಿನ ಕೆಲಸ ಮುಗಿದು ನಾಳೆಯದು ಶುರುವಾಗೋ ಮುಂಚೆ ಸತತ 9 ಗಂಟೆ ವಿಶ್ರಾಂತಿ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ ಕೂಡ ಈ ಕಾಯ್ದೆಯ ಕಡೆಗೇ ಬೆರಳು ತೋರಿಸಿತು.

ಇಷ್ಟು ವರ್ಷ ಗಾಡಿ ಇಟ್ಟುಕೊಂಡೂ ಇದು ನಿಮ್ಮ ಕಿವಿಗೆ ಬಿದ್ದಿಲ್ಲ ಅಂದರೆ ಆಶ್ಚರ್ಯವೇನೂ ಇಲ್ಲ. ಐದು ಅಥವಾ ಅದಕ್ಕಿಂತ ಹೆಚ್ಚು ಸಾರಿಗೆ ಕೆಲಸಗಾರರಿದ್ದ ಕಡೆಗೆ ಮಾತ್ರ ಆ ಕಾಯ್ದೆ. ಎರಡು ಗಾಡಿ, ಇಬ್ಬರು ಡ್ರೈವರ್, ಒಬ್ಬ ಕ್ಲೀನರ್ ಅಂದರೆ ನೀವು ಲೆಕ್ಕಕ್ಕೇ ಇಲ್ಲ. 2020ರಲ್ಲಿ ಈ ಕಾಯ್ದೆಯನ್ನು ಕೆಲಸಗಾರರ ಸುರಕ್ಷತೆ, ಆರೋಗ್ಯದ ಹೊಸ ಸಂಹಿತೆಯೊಳಗೆ ಸೇರಿಸಿದರು. ಅಲ್ಲಿ ಐದು ಹೋಗಿ ಹತ್ತಾಯಿತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹತ್ತು ಜನಕ್ಕೆ ಸಂಬಳ ಕೊಡೋ ಲಾರಿ ಮಾಲೀಕರು ಎಷ್ಟು ಜನ ಸಿಗ್ತಾರೆ, ನೀವೇ ಹೇಳಿ. ಹಾಗಾಗಿ ಹೆದರಬೇಡಿ, ಇನ್‌ಸ್ಪೆಕ್ಟರ್ ನಾಳೆ ಬೆಳಗ್ಗೆ ನಿಮ್ಮ ಬಾಗಿಲಿಗೆ ಬರೋದಿಲ್ಲ.

ಟೊಮೆಟೊ ವಿಷಯಕ್ಕೆ ಬರೋಣ. ಕೋಲಾರದಿಂದ ದೆಹಲಿ ಸುಮಾರು 2,200 ಕಿ.ಮೀ. ಲೋಡ್ ಗಾಡಿ ಸರಾಸರಿ ಗಂಟೆಗೆ 50 ಓಡುತ್ತೆ ಅಂತಿಟ್ಟುಕೊಳ್ಳಿ. ಮೂರು ದಿನದಲ್ಲಿ ಮುಟ್ಟಿಸಬೇಕು ಅಂದರೆ ಒಬ್ಬನೇ ಡ್ರೈವರ್ ದಿನಾ ಹತ್ತಿರ ಹತ್ತಿರ 15 ಗಂಟೆ ಓಡಿಸಬೇಕು. ಊಟ, ಸ್ನಾನ, ಟೋಲು, ಪಂಚರ್ ಎಲ್ಲಾ ಇದರ ಹೊರಗೆ. ಟೊಮೆಟೊ ಕಾಯಲ್ಲ ಅಂತೀರಿ, ಒಪ್ಪಿದೆ.

ಆದರೆ ಕೋಲಾರದ ಎಪಿಎಂಸಿಯಲ್ಲಿ ಕಾಯೋದು ಯಾರು? ಸೀಸನ್ನಿನಲ್ಲಿ ಒಂದು ಮಧ್ಯಾಹ್ನ ಅಲ್ಲಿ ಸುಮ್ನೆ ನಿಂತು ನೋಡಿದ್ದೇನೆ. ಬೆಳಗ್ಗೆ ಹರಾಜಾದ ಮಾಲು ಇನ್ನೂ ಮಂಡಿಯಲ್ಲೇ ಇದೆ. ಒಂದು ಕಡೆ ಕಾಯಿ, ದೋರಗಾಯಿ, ಹಣ್ಣು ಅಂತ ವಿಂಗಡಿಸುತ್ತಿದ್ದಾರೆ. ಇನ್ನೊಂದು ಕಡೆ ಹಮಾಲಿಗಳು ಲಾರಿಗೆ ಬಾಕ್ಸ್ ಏರಿಸುತ್ತಿದ್ದಾರೆ. ಡ್ರೈವರ್ ಕ್ಯಾಬಿನ್‌ನಲ್ಲಿ ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ್ದಾನೆ. ಮಲಗಿದ್ದಾನೆ ಅಂತ ಹೆಸರಿಗಷ್ಟೇ. ಒಂದೊಂದು ಬಾಕ್ಸ್ ಬಿದ್ದಾಗಲೂ ಗಾಡಿ ಅಲುಗುತ್ತೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆದರೆ ಎದ್ದು ಮುಂದೆ ಸರಿಸಬೇಕು. ಮಲಗಿದ ಅನ್ನೋ ಹೊತ್ತಿಗೆ ಬ್ರೋಕರ್ ಫೋನು. ಲೋಡಾಗಿ, ಹಗ್ಗ ಬಿಗಿದು, ಬಿಲ್ಲು ಕೈಗೆ ಬರೋ ಹೊತ್ತಿಗೆ ಕತ್ತಲು. ಆಮೇಲೆ ಅವನ "ಡ್ಯೂಟಿ" ಶುರು.

ಬೆಳಗ್ಗೆ ಆರಕ್ಕೆ ಎದ್ದವನು ರಾತ್ರಿ ಒಂಬತ್ತಕ್ಕೆ ಬಿಟ್ಟರೆ ಚಿಂತಾಮಣಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಅನಂತಪುರದ ಹತ್ತಿರ ಹೋಗುವಾಗ ಎರಡಾಗಿರುತ್ತೆ. ಎದ್ದು 20 ಗಂಟೆ. ಓಡಿಸಿದ್ದು ಬರೀ ಐದೇ ಗಂಟೆ, ಎಂಟು ಗಂಟೆಯ ಮಿತಿ ಮುರಿದಿಲ್ಲ! 1961ರ ಕಾಯ್ದೆ ಓದಿ ನೋಡಿ. ಟರ್ಮಿನಲ್‌ನಲ್ಲಿ ಸುಮ್ಮನೆ ಕಾಯೋದು 15 ನಿಮಿಷದ ಒಳಗಿದ್ದರೆ ಕೆಲಸದ ಲೆಕ್ಕಕ್ಕೆ ಬರುತ್ತಿತ್ತು, ಜಾಸ್ತಿಯಾದರೆ ಬರುತ್ತಿರಲಿಲ್ಲ. ಪೈಲಟ್‌ಗಳ ಹಾಗೆ ಟ್ರಕ್ ಡ್ರೈವರ್‌ಗಳಿಗೂ ಗಂಟೆ ನಿಗದಿಯಾಗಬೇಕು ಅಂತ 2021ರಲ್ಲಿ ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಹೇಳಿದ್ದರು. ಒಳ್ಳೇ ಮಾತು. ಆದರೆ ಪೈಲಟ್‌ನ ಡ್ಯೂಟಿ ಲೆಕ್ಕ ಶುರುವಾಗೋದು ವಿಮಾನ ಮೇಲೇರಿದಾಗ ಅಲ್ಲ, ಅವನು ಕೆಲಸಕ್ಕೆ ಹಾಜರಾದಾಗ. ಅದನ್ನೂ ತರ್ತೀರಾ ಅಂತ ಯಾರಾದರೂ ಕೇಳಬೇಕಿತ್ತು.

"ನನಗೆ ಏನೂ ಆಗಿಲ್ಲ" ಅಂದಿದ್ದೀರಿ. ಸಂತೋಷ. ಆದರೆ ಆಗದೇ ಇದ್ದವರು ಮಾತ್ರ ತಾನೇ ಪತ್ರ ಬರೆಯೋದು? ಎದ್ದು 17 ಗಂಟೆ ದಾಟಿದರೆ ಕೈ, ಕಣ್ಣು, ತಲೆ ನಿಧಾನವಾಗುವ ಮಟ್ಟ ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದಂತೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ನಮ್ಮಲ್ಲಿ ಕುಡಿದು ಓಡಿಸಿದ ಕೇಸಿಗೆ 0.03 ದಾಟಿದರೆ ಸಾಕು. ಕುಡಿದವನಿಗೆ ಊದಿಸೋ ಮೆಷಿನ್ ಇದೆ, ನಿದ್ದೆಗೆಟ್ಟವನಿಗಿಲ್ಲ. ಬೆಳಗಿನ ಜಾವ ಎರಡರಿಂದ ಐದು ಶರೀರವೇ ಮಲಗು ಅನ್ನೋ ಹೊತ್ತು. ಗಂಟೆಗೆ 60ರಲ್ಲಿ ಹೋಗ್ತಿರೋ ಗಾಡಿ, ಮೂರು ಸೆಕೆಂಡು ಜೋಂಪು ಹತ್ತಿದರೆ 50 ಮೀಟರ್ ತನ್ನಷ್ಟಕ್ಕೆ ಓಡಿರುತ್ತೆ. ಟೀ, ಗುಟ್ಕಾ, ಜೋರು ಹಾಡು ಇವೆಲ್ಲ ಸ್ವಲ್ಪ ಹೊತ್ತಿನ ಆಟ. ಟೀ ಕುಡಿದು ತಕ್ಷಣ 20 ನಿಮಿಷ ಮಲಗಿ ಎದ್ದರೆ ಅಷ್ಟಿಷ್ಟು ಪ್ರಯೋಜನ ಉಂಟು, ಬೇಕಾದರೆ ನಿಮ್ಮ ಡ್ರೈವರ್‌ಗೆ ಹೇಳಿ.

ಮಲಗಬೇಕು ಅಂದರೆ ಎಲ್ಲಿ, ಅನ್ನೋದು ಬೇರೆ ಪ್ರಶ್ನೆ. ಹೈವೇ ಬದಿ ನಿಂತ ಗಾಡಿ ಎಂಥ ಅಪಾಯ ಅಂತ 2023ರ ಅಕ್ಟೋಬರ್ 26ರಂದು ಚಿಕ್ಕಬಳ್ಳಾಪುರದಲ್ಲಿ ಕಂಡೆವು. ಮಂಜು ಕವಿದ ಬೆಳಗಿನಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಸುಮೋ ಗುದ್ದಿ 13 ಜನ ಹೋದರು.

ಡ್ರೈವರ್‌ಗಳೇ ಬೇಗ ಹೋಗ್ತೀವಿ ಅಂತಾರೆ ಅನ್ನೋದು ನಿಜ. ಬಾಟಾ, ಟ್ರಿಪ್ ಲೆಕ್ಕದ ಕಾಸು ಕೊಟ್ಟರೆ ಯಾರಾದರೂ ಹಾಗೇ ಅಂತಾರೆ. ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಬೇಕು ಅನ್ನೋ ನಿಯಮ ಇತ್ತು. 2018ರಲ್ಲಿ ಅದನ್ನು ಕೈಬಿಟ್ಟರು, ಮಾಲೀಕರ ಸಂಘಗಳಿಗೆ ಅದೇ ಬೇಕಿತ್ತು. ನನ್ನ ಪ್ರಕಾರ ದೆಹಲಿ ಲೋಡಿಗೆ ಎಂಟು ಗಂಟೆ ಮಿತಿಗಿಂತ ಮುಂಚೆ ವಾಪಸ್ ಬರಬೇಕಾದ್ದು ಆ ಎರಡನೇ ಡ್ರೈವರ್. ಅವನ ಸಂಬಳ ನಿಮ್ಮ ಜೇಬಿಂದ ಬರಬೇಕು ಅಂತ ನಾನು ಹೇಳಲ್ಲ, ಬಾಡಿಗೆಯಲ್ಲಿ ಸೇರಬೇಕು. ಲೋಡು ತಡವಾದರೆ ಮಂಡಿಯವರು ಗಂಟೆ ಲೆಕ್ಕದಲ್ಲಿ ಹಾಲ್ಟಿಂಗ್, ಅಂದರೆ ಗಾಡಿ ಕಾಯಿಸಿದ್ದಕ್ಕೆ ಕಾಸು, ಕೊಡಬೇಕು. ಅದು ಕೈಯಿಂದ ಹೋಗೋಕೆ ಶುರುವಾದರೆ ಲೋಡಿಂಗ್ ತಾನಾಗೇ ಚುರುಕಾಗುತ್ತೆ. ನಿಮ್ಮ ಸಿಟ್ಟು ನಮ್ಮ ಪತ್ರಿಕೆ ಮೇಲಲ್ಲ, ಅಲ್ಲಿ ತಿರುಗಬೇಕಿತ್ತು.

ಒಂದು ಕೆಲಸ ಮಾಡ್ತೀರಾ? ಈ ಸೀಸನ್ನಿನಲ್ಲಿ ನಿಮ್ಮ ಎರಡೂ ಗಾಡಿಯ ಟ್ರಿಪ್ ಶೀಟಿನಲ್ಲಿ ಮೂರು ಹೊತ್ತು ಬರೆಸಿ: ಯಾರ್ಡಿನ ಗೇಟು ಹೊಕ್ಕಿದ್ದು, ಲೋಡು ಮುಗಿದದ್ದು, ಗಾಡಿ ಬಿಟ್ಟದ್ದು. ಕಳಿಸಿದರೆ ನಿಮ್ಮ ಹೆಸರಿಲ್ಲದೆ, ಮಂಡಿ ಹೆಸರೂ ಇಲ್ಲದೆ ಹಾಗೇ ಅಚ್ಚು ಹಾಕುತ್ತೇವೆ. ಬೇರೆ ಮಾಲೀಕರಿಗೂ, ಡ್ರೈವರ್‌ಗಳಿಗೂ ಇದೇ ಕೋರಿಕೆ.

— ಸಂ.