ನಿಮ್ಮ ಮೂವರು ಸೇನಾಪತಿಗಳ ಲೆಕ್ಕ ತಪ್ಪಿದೆ

ನಮಸ್ಕಾರ.

ಸರ್ವರ್‌ಗಳು ಒಮ್ಮತಕ್ಕೆ ಬರುವ ಬಗೆ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ.

ಮೊದಲ ಎರಡು ಪುಟ ತೆಗೆಯಿರಿ. ಕಲಬುರಗಿ ಕೋಟೆ, ಬಹಮನಿ ಸುಲ್ತಾನರು, ರಾಜಧಾನಿ ಬೀದರಿಗೆ ಹೋದದ್ದು ಎಲ್ಲ ಮುಗಿದರೂ ಸರ್ವರ್ ಅನ್ನೋ ಮಾತೇ ಬಂದಿಲ್ಲ. ಬೈಜಾಂಟೈನ್ ಸೇನಾಪತಿಗಳನ್ನು ನಮ್ಮೂರಿಗೆ ಕರೆತರುವ ಆಸೆ ನಿಮಗೆ, ಅಲ್ವಾ? ಹಗೆಯ ಊರು ಮುತ್ತಿದ ಸೇನಾಪತಿಗಳು ದೂತರ ಮೂಲಕವೇ ಒಂದೇ ತೀರ್ಮಾನಕ್ಕೆ ಬರಬೇಕು, ಅವರಲ್ಲಿ ಕೆಲವರು ದ್ರೋಹಿಗಳು; ಸೇನಾಪತಿ ಅಂದರೆ ಇಲ್ಲಿ ಸರ್ವರ್. ಆದರೆ ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ ಎಂಬ ಮೂವರು ಕಂಪ್ಯೂಟರ್ ವಿಜ್ಞಾನಿಗಳು 1982ರಲ್ಲಿ ಹೇಳಿದ ಇದು ಕಟ್ಟುಕಥೆ. ಅದಕ್ಕೆ ಇತಿಹಾಸದ ಆಧಾರ ಬೇಕಿಲ್ಲ.

ದೊಡ್ಡ ತಪ್ಪು ನಾಲ್ಕನೇ ಪುಟದಲ್ಲಿದೆ. ‘ಮೂವರಲ್ಲಿ ಒಬ್ಬ ದ್ರೋಹಿಯಾದರೂ ಉಳಿದಿಬ್ಬರದೇ ಬಹುಮತ, ಹಾಗಾಗಿ ತೊಂದರೆಯಿಲ್ಲ’ ಅಂತ ಬರೆದಿದ್ದೀರಿ. ತೊಂದರೆ ಇದೆ. ನಿಮ್ಮ ತಂದೆಯವರದು ಗಂಜಿನಲ್ಲಿ ಅಡತಿ ಅಂಗಡಿ ಅಂತ ಪತ್ರದಲ್ಲಿ ಹೇಳಿದ್ದೀರಲ್ಲ, ಅಲ್ಲೇ ನೋಡೋಣ. ಮೂರು ಅಂಗಡಿ. ಇವತ್ತು ತೊಗರಿ ಮಾರೋದಾ, ಇಟ್ಟುಕೊಳ್ಳೋದಾ ಅಂತ ದೊಡ್ಡ ಅಂಗಡಿಯವರು ಉಳಿದಿಬ್ಬರಿಗೂ ಫೋನಿನಲ್ಲಿ ಹೇಳಬೇಕು. ನಿಮ್ಮ ತಂದೆಗೆ ‘ಮಾರಿ’ ಅಂದರು. ಯಾವುದಕ್ಕೂ ಇರಲಿ ಅಂತ ಪಕ್ಕದ ಅಂಗಡಿಯವರನ್ನು ಕೇಳಿದರೆ ಅವರು, ‘ನನಗೆ ಇಟ್ಟುಕೊಳ್ಳಿ ಅಂದರಲ್ರಿ’ ಅಂತಾರೆ. ಸುಳ್ಳು ಯಾರದು? ದೊಡ್ಡವರು ಒಬ್ಬೊಬ್ಬರಿಗೆ ಒಂದೊಂದು ಹೇಳಿದರಾ, ಪಕ್ಕದವರು ತಿರುಚಿದರಾ? ಯಾರು ಸುಳ್ಳು ಹೇಳಿದರೂ ನಿಮ್ಮ ತಂದೆಯ ಕಿವಿಗೆ ಬೀಳೋದು ಅವೇ ಎರಡು ಮಾತು. ಬಹುಮತ ಎಲ್ಲಿಂದ ಬಂತು?

ಇನ್ನೊಂದು ಅಂಗಡಿ ಸೇರಿಸಿ. ಈಗ ಕೇಳಿಸಿಕೊಂಡವರು ಮೂವರು, ಪರಸ್ಪರ ಹೇಳಿಕೊಳ್ಳುತ್ತಾರೆ. ಅವರಲ್ಲೊಬ್ಬರು ಸುಳ್ಳಾಡಿದರೆ ಮೂರರಲ್ಲಿ ಎರಡು ಮಾತು ಸರಿಯಿರುತ್ತವೆ. ದೊಡ್ಡವರೇ ಸುಳ್ಳಾಡಿದರೆ ಮೂವರ ಕೈಗೂ ಅವೇ ಮೂರು ಮಾತು ಸಿಗುತ್ತವೆ, ತೀರ್ಮಾನವೂ ಒಂದೇ ಆಗುತ್ತದೆ. ಒಬ್ಬ ಸುಳ್ಳುಗಾರನಿಗೆ ನಾಲ್ವರು, ಇಬ್ಬರಿಗೆ ಏಳು: ಮೂರು ಪಟ್ಟು, ಮೇಲೊಂದು. (ಯಾರೂ ನಕಲು ಮಾಡಲಾಗದ ಸಹಿಯ ಚೀಟಿ ಓಡಾಡಿದರೆ ಮೂವರೇ ಸಾಕು. ಇದನ್ನೂ ಒಂದು ಸಾಲಿನಲ್ಲಿ ಹೇಳಿ.)

ಸುಳ್ಳು ಹೇಳೋದು ಬೇರೆ, ಸುಮ್ಮನಾಗೋದು ಬೇರೆ. ನೀವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಕೆಟ್ಟು ಸುಮ್ಮನಾಗುವ ಸರ್ವರ್‌ಗಳ ಚಿಂತೆ ಮಾತ್ರವಾದರೆ ಐದರಲ್ಲಿ ಎರಡು ಹೋದರೂ ಪ್ಯಾಕ್ಸಾಸ್, ರಾಫ್ಟ್ ಎಂಬ ಒಮ್ಮತದ ವಿಧಾನಗಳು ನಡೆಯುತ್ತವೆ. ಯಾಕೆ ಅಂತ ನೀವು ಹೇಳಿಲ್ಲ. ಪ್ರತಿ ತೀರ್ಮಾನಕ್ಕೂ ಐವರಲ್ಲಿ ಮೂವರು ಒಪ್ಪಿದರೆ ಸಾಕು. ಐದು ಜನರಲ್ಲಿ ಮೂವರನ್ನು ಎರಡು ಸಲ ಆರಿಸಿ, ಒಬ್ಬರಾದರೂ ಎರಡು ಸಲವೂ ಬಂದೇ ಬರುತ್ತಾರೆ. ಹಿಂದಿನ ತೀರ್ಮಾನವನ್ನು ಮುಂದಿನವರಿಗೆ ದಾಟಿಸುವವರು ಅವರೇ. ಇಷ್ಟು ಬರೆಯುವ ಬದಲು ‘ಅದ್ಭುತ’ ಅಂತ ಏಳು ಸಲ ಬರೆದಿದ್ದೀರಿ. ನಾನು ಎಣಿಸಿದೆ.

‘ಪ್ಯಾಕ್ಸಾಸ್ ಬಂದ ಮೇಲೆ ಫಿಷರ್, ಲಿಂಚ್, ಪ್ಯಾಟರ್ಸನ್ ಮಾತು ಸುಳ್ಳಾಯಿತು’ ಅನ್ನೋ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಸಂದೇಶ ಎಷ್ಟು ಬೇಕಾದರೂ ತಡವಾಗಬಹುದು, ಒಬ್ಬರು ನಡುವೆ ಸುಮ್ಮನಾಗಲೂಬಹುದು ಅಂತಿಟ್ಟುಕೊಳ್ಳಿ. ಆಗ ನಾಣ್ಯ ಚಿಮ್ಮುವಂಥ ಆಟವಿಲ್ಲದೆ, ತೀರ್ಮಾನ ಮುಗಿದೇ ಮುಗಿಯುತ್ತದೆ ಅಂತ ಮಾತು ಕೊಡುವ ವಿಧಾನ ಇಲ್ಲ. 1985ರಲ್ಲಿ ಆ ಮೂವರು ಸಂಶೋಧಕರು ತೋರಿಸಿದ್ದು ಇದನ್ನು. ಪ್ಯಾಕ್ಸಾಸ್ ಇದನ್ನು ಮುರಿದಿಲ್ಲ, ಒಪ್ಪಿಕೊಂಡೇ ಬದುಕುತ್ತದೆ. ಎರಡು ಬೇರೆ ಬೇರೆ ತೀರ್ಮಾನ ಆಗಲು ಎಂದೂ ಬಿಡುವುದಿಲ್ಲ. ಆದರೆ ಮುಗಿಯೋದು ತಡವಾಗಬಹುದು, ಸಂದೇಶಗಳು ತೀರಾ ಹದಗೆಟ್ಟರೆ ನಿಂತೂ ಹೋಗಬಹುದು.

ನನಗೆ ನಿಜಕ್ಕೂ ಇಷ್ಟವಾದ ಸಾಲು ಒಂದಿದೆ: ‘ಫೋನ್ ಎತ್ತದವರು ಸತ್ತಿದ್ದಾರೋ ಊಟಕ್ಕೆ ಹೋಗಿದ್ದಾರೋ, ರಿಂಗ್ ಕೇಳಿ ಹೇಳಲಾಗದು.’ ಫಿಷರ್, ಲಿಂಚ್, ಪ್ಯಾಟರ್ಸನ್ ಹೇಳಿದ್ದರ ತಿರುಳೇ ಅದು. ಅದನ್ನು ಒಯ್ದು ಹನ್ನೊಂದನೇ ಪುಟದ ಕೊನೆಗೆ ಹಾಕಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಎಂಟುನೂರು ಪದ ಸಾಕು. ಶರಣಬಸವೇಶ್ವರ ಜಾತ್ರೆಗೆ ಮುಂಚೆ ಕಳಿಸಿ. ಬಹಮನಿ ಸುಲ್ತಾನರ ಮೇಲೆ ಬೇರೆ ಲೇಖನ ಬರೆಯುವುದಾದರೆ ಅದನ್ನೂ ನೋಡುತ್ತೇನೆ.