ಟೈ ಸೀಗಲ್ ಕೇಳೋಕೆ ‘ಸ್ಲಾಟರ್‌ಹೌಸ್’ನಿಂದ ಶುರು ಮಾಡಿ
ಅಮೆರಿಕದ ರಾಕ್ ಸಂಗೀತಗಾರ ಟೈ ಸೀಗಲ್ 2012ರಲ್ಲಿ ತಂದ ಮೂರು ಆಲ್ಬಂಗಳಲ್ಲಿ ಯಾವುದನ್ನ ಮೊದಲು ಕೇಳಲಿ ಅಂತ ಕೇಳಿದ್ದೀರಿ. ಖಂಡಿತ ‘ಸ್ಲಾಟರ್‌ಹೌಸ್’. ಏಪ್ರಿಲ್‌ನಲ್ಲಿ ವೈಟ್ ಫೆನ್ಸ್ ಅನ್ನೋ ಬ್ಯಾಂಡ್ ಜೊತೆ ಮಾಡಿದ ‘ಹೇರ್’ನಲ್ಲಿ 60ರ ದಶಕದ ಗುಂಗು ಜಾಸ್ತಿ. ಅಕ್ಟೋಬರಿನ ‘ಟ್ವಿನ್ಸ್’ ಹಾಡುಗಳು ಬೇಗ ಬಾಯಿಗೆ ಬರುತ್ತವೆ, ಅದನ್ನ ಎರಡನೆಯದಾಗಿ ಕೇಳಿ. ಆದರೆ ಜೂನ್‌ನ ‘ಸ್ಲಾಟರ್‌ಹೌಸ್’ ಅವನು ಒಬ್ಬನೇ ಕೂತು ಮಾಡಿದ್ದಲ್ಲ, ಶೋಗಳಲ್ಲಿ ಜೊತೆಗಿದ್ದ ಮೈಕಲ್ ಕ್ರೋನಿನ್, ಚಾರ್ಲ್ಸ್ ಮೂಟ್‌ಹಾರ್ಟ್, ಎಮಿಲಿ ರೋಸ್ ಎಪ್‌ಸ್ಟೈನ್ ಎಲ್ಲರೂ ಸೇರಿ ನುಡಿಸಿದ್ದು, ಅದಕ್ಕೇ ಸ್ಟೇಜ್ ಮುಂದೆ ನಿಂತ ಹಾಗೆ ಎದೆಗೇ ಬಡಿಯುತ್ತದೆ. ಕೊನೆಯ ಹಾಡು ‘ಫಜ್ ವಾರ್’ 10 ನಿಮಿಷ ಗಿಟಾರ್ ಗುಡುಗು, ಕಿರುಚಾಟ. ಸುಮ್ನೆ ಗಲಾಟೆ ಅಂತ ದಾಟಿಸಬೇಡಿ. ಒಳ್ಳೆ ಸ್ಪೀಕರಿನಲ್ಲಿ ಜೋರಾಗಿ ಹಾಕಿ.